ಮೊದಲ ರಿಂಗು ಎಕ್ಸ್‌ಚೇಂಜಿನದು

ಮೊನ್ನೆ ನಮ್ಮ ಪಡಸಾಲೆಯಲ್ಲಿ ಸ್ಪಿರಿಟ್ಟಿನ ವಾಸನೆ ಎದ್ದಿತು. ಸೂಜಿ ಚುಚ್ಚುವ ಮುಂಚೆ ನರ್ಸಮ್ಮ ಹತ್ತಿಯಲ್ಲಿ ಅದ್ದಿ ತೋಳು ಒರೆಸುತ್ತಾರಲ್ಲ, ಅದೇ ವಾಸನೆ. ಅಡುಗೆಮನೆಯಿಂದ ನನ್ನ ಹೆಂಡತಿ ಸರೋಜ, "ಯಾರಿಗೆ ಏನಾತ್ರೀ?" ಎಂದಳು.

"ನನಗೇ ಅಂತ ತಿಳ್ಕೊ," ಎಂದೆ.

ಶಿಕಾರಿಪುರದ ನಮ್ಮ ಓಣಿಯಲ್ಲಿ ತಾಮ್ರದ ತಂತಿಯ ಮೇಲೆ ಉಸಿರಾಡುತ್ತಿದ್ದ ಕೊನೆಯ ಟೆಲಿಫೋನು ನನ್ನದು. ಟೆಲಿಫೋನ್ ಇಲಾಖೆಯಲ್ಲಿ ಕೂದಲು ಹಣ್ಣು ಮಾಡಿಕೊಂಡವನ ಮನೆಯ ತಂತಿಯೆಂಬ ದಾಕ್ಷಿಣ್ಯಕ್ಕೆ ಅದನ್ನು ಇಷ್ಟು ದಿನ ಉಳಿಸಿದ್ದರು. ಈ ತಿಂಗಳು ದಾಕ್ಷಿಣ್ಯ ಮುಗಿಯಿತು. ತಾಮ್ರ ಕಿತ್ತು ಫೈಬರ್ ಎನ್ನುವ ಗಾಜಿನ ತಂತಿ ಎಳೆಯಲು ಕೇಬಲ್ಲಿನ ಮುನೀರ್ ತಾನೇ ಬಂದ. ಕೈಕೆಳಗೆ ಜನ ಇದ್ದಾರೆ, ಕಳಿಸಬಹುದಿತ್ತು. ತಾನೇ ಬಂದ. ಕೂದಲಿನಂಥ ಗಾಜಿನೆಳೆಯನ್ನು ಕತ್ತರಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಊಟದ ಡಬ್ಬಿಯಷ್ಟಿದ್ದ ಯಂತ್ರದೊಳಗಿಟ್ಟು ಮುಚ್ಚಳ ಹಾಕಿದ. ಒಳಗೆ ಒಂದು ಮಿಂಚು. ಮುಚ್ಚಳ ತೆಗೆದಾಗ ಎರಡು ಎಳೆ ಒಂದಾಗಿದ್ದವು.

"ಹಸಿರು ದೀಪ ಬಂತಲ್ರೀ, ಮುಗೀತು," ಎಂದು ಚಹಾ ಕುಡಿದು ಹೊರಟುಹೋದ.

ಸರೋಜ ಬಂದು ಫೋನಿನ ಮೇಲೆ ಕಸೂತಿ ಬಟ್ಟೆ ಹೊದಿಸಿದಳು. "ಮಾಡ್ತಾನೇನ್ರೀ?" ಎಂದಳು.

"ಏನು?"

"ಅದೇ, ಮೊದಲ್ನೇ ರಿಂಗು."

ನಾನು ಅಂಥದ್ದನ್ನೆಲ್ಲ ನಂಬುವ ಪೈಕಿಯಲ್ಲ ಎಂದು ಹೇಳಿದೆ. ಹೇಳಿ, ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಸ್ಪಿರಿಟ್ಟಿನ ವಾಸನೆ ಇನ್ನೂ ಆರಿರಲಿಲ್ಲ. ನನ್ನ ಸೇವೆಯ ಕೊನೆಯ ಚಳಿಗಾಲವೆಲ್ಲ ಇದೇ ವಾಸನೆ ಹೊಡೆಯುತ್ತಿತ್ತು.

ಸೊರಬ ತಾಲ್ಲೂಕಿನಲ್ಲಿ, ಕುಪ್ಪಗಡ್ಡೆಯಿಂದ ಇನ್ನೂ ಆಚೆ, ಒಂದು ಊರು. ಹೆಸರು ಬೇಡ, ಅಲ್ಲಿಯವರು ಓದಿದರೆ ಜಗಳಕ್ಕೆ ಬರುತ್ತಾರೆ, ಅದೂ ಫೋನಿನಲ್ಲಿ. ಆ ಊರಿನ ಎಕ್ಸ್‌ಚೇಂಜು ನನ್ನ ಉಸ್ತುವಾರಿಯಲ್ಲಿತ್ತು. ಎಕ್ಸ್‌ಚೇಂಜೆಂದರೆ ಹಾಲಿನ ಡೈರಿಯ ಮಗ್ಗುಲಲ್ಲಿ ಒಂದು ಕೋಣೆ; ಒಳಗೆ ಸದಾ ಗುಂಯ್ಯೆನ್ನುವ ಒಂದು ಯಂತ್ರ, ಸಾಲು ಬ್ಯಾಟರಿ, ಬಾಗಿಲಲ್ಲಿ "ಪಾದರಕ್ಷೆಗಳನ್ನು ಹೊರಗೆ ಬಿಡಿ" ಎಂಬ ಬೋರ್ಡು. ಧೂಳು ಹೊಕ್ಕರೆ ಯಂತ್ರ ಕೆಡುತ್ತದೆಂದು ಹಾಕಿದ್ದು. ಊರವರು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ.

ಒಂದು ಕಾಲದಲ್ಲಿ ಆ ಊರಲ್ಲಿ ಫೋನಿಗೆ ಅರ್ಜಿ ಹಾಕಿದವರು ಮಗಳ ಮದುವೆ ಮುಗಿಸಿ, ಬಾಣಂತನ ಮುಗಿಸಿ, ಮೊಮ್ಮಗುವಿನ ಜವಳ ತೆಗೆಸುವ ಹೊತ್ತಿಗೆ ಫೋನು ಬರುತ್ತಿತ್ತು. ಅಷ್ಟು ಕಾದು ಬಂದದ್ದಕ್ಕೆ ಒಂದು ಮರ್ಯಾದೆ ಇತ್ತು. ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ರಿಂಗು ಎಕ್ಸ್‌ಚೇಂಜಿನಿಂದಲೇ ಬರಬೇಕು, ಅಲ್ಲಿಯವರೆಗೆ ಯಾರೂ ಫೋನು ಎತ್ತಬಾರದು ಎಂಬ ಪದ್ಧತಿ ಇತ್ತು. ಇದು ಶಾಸ್ತ್ರದಲ್ಲಿಲ್ಲ. ಆ ಊರಿನ ಮೊಟ್ಟಮೊದಲ ಫೋನು ನಾನು ಹೋದಾಗಲೆಲ್ಲ ಕಾಫಿ ಕೊಡುವ ಗಿರಿಜಮ್ಮನ ಮಾವನ ಮನೆಗೆ ಬಂದಾಗ, ತಂತಿ ಕೂಡಿಸಿದ ಸಂಜೆಯೇ ತೊಗರ್ಸಿಯಿಂದ ಕರೆ ಬಂತು: ಮಾವನ ಅಕ್ಕ ತೀರಿಕೊಂಡಿದ್ದರು. ಆ ಯಜಮಾನರು ಮಾರನೆಯ ದಿನ ನನ್ನ ಹತ್ತಿರ ಬಂದು, "ಫೋನು ತಗಂಡೋಗಿ ಅನ್ನಲ್ಲ. ಆದ್ರೆ ಇನ್ ಮ್ಯಾಲೆ ಯಾರ ಮನಿಗೆ ಕೊಟ್ರೂ ಮೊದ್ಲು ನೀವು ಒಂದು ಒಳ್ಳೆ ಮಾತು ಹೇಳಿ ಶುರು ಮಾಡ್ರಿ," ಎಂದರು. ನಾನು ಆಗ ಹೊಸಬ. ಒಪ್ಪಿಕೊಂಡೆ. ಅಂದಿನಿಂದ ಪ್ರತಿ ಹೊಸ ಮನೆಗೂ, ಇಂಥ ಹೊತ್ತಿಗೆ ಎಂದು ಮೊದಲೇ ತಿಳಿಸಿ, ಎಕ್ಸ್‌ಚೇಂಜಿನಿಂದ ನಾನೇ ರಿಂಗು ಕೊಟ್ಟು ಹೇಳುತ್ತಿದ್ದೆ: "ನಮಸ್ಕಾರ. ಚನ್ನವೀರಪ್ಪ ಮಾತಾಡೋದು. ನಿಮ್ಮ ಫೋನಿಗೆ ದನಿ ಬಂದಿದೆ. ಒಳ್ಳೇ ಸುದ್ದಿನೇ ಬರಲಿ." ಆಚೆಯಿಂದ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು "ಹಲೋ" ಅನ್ನುತ್ತಿದ್ದರು. ಪುರೋಹಿತರಿಗೂ ಅಷ್ಟು ಗಮನ ಕೊಡುತ್ತಿರಲಿಲ್ಲ.

ಈಗ ಮುನೀರನ ವಿಷಯ. ಶಿಕಾರಿಪುರದ ಮುನೀರನ ಅಪ್ಪ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಹಿತ್ತಾಳೆಯ ಕಾಲ ಮುಗಿದು ಸ್ಟೀಲು ಬಂದಾಗ ಮಗ ಟಿ.ವಿ. ಕೇಬಲ್ಲಿನ ವ್ಯಾಪಾರಕ್ಕೆ ಇಳಿದ. ಸೊರಬದ ಕಡೆಯ ಹಳ್ಳಿಗಳಿಗೂ ಕೇಬಲ್ ಎಳೆದ. ಎಳೆದದ್ದು ಯಾರ ಕಂಬದ ಮೇಲೆ? ಇಲಾಖೆಯ ಕಂಬದ ಮೇಲೆ. ನಾನು ಏಣಿ ಹಾಕಿ ಅವನ ಕಪ್ಪು ಕೇಬಲ್ಲನ್ನು ಕತ್ತರಿಸಿ ಕೆಳಗೆ ಕೆಡವುತ್ತಿದ್ದೆ. ಅವನು ನಾನು ಊಟಕ್ಕೆ ಹೋದಾಗ ಮತ್ತೆ ಕಟ್ಟುತ್ತಿದ್ದ. ಇದು ಹಲವು ವರ್ಷ ನಡೆಯಿತು. ನಮ್ಮಿಬ್ಬರಲ್ಲಿ ಒಂದು ಶಿಸ್ತು ಇತ್ತು: ನಾನು ಧಾರಾವಾಹಿಯ ಹೊತ್ತಿಗೆ ಕತ್ತರಿಸುತ್ತಿರಲಿಲ್ಲ, ಅವನು ನನ್ನೆದುರಿಗೆ ಕಟ್ಟುತ್ತಿರಲಿಲ್ಲ.

ಆಮೇಲೆ ಮೊಬೈಲ್ ಬಂತು. ಮನೆಮನೆಯ ತಾರಸಿಯ ಮೇಲೆ ಡಿಶ್ ಬುಟ್ಟಿ ಬಂತು. ಮೊಬೈಲು ನನ್ನ ವ್ಯಾಪಾರ ತಿಂದಿತು, ಬುಟ್ಟಿ ಅವನದನ್ನು ತಿಂದಿತು. ನಮ್ಮ ಇಲಾಖೆ ಅರ್ಧ ಜನರಿಗೆ ಮುಂಚಿತವಾಗಿಯೇ ನಿವೃತ್ತಿ ಕೊಟ್ಟು ಮನೆಗೆ ಕಳಿಸಿತು. ನಾನು ಹೋಗಲಿಲ್ಲ. ಹಗಲು ಹೊತ್ತಿನಲ್ಲಿ ನಾನು ಮನೆಯಲ್ಲಿರುವುದು ಸರೋಜಳ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಅವಳೇ ಹೇಳಿದ್ದಳು.

ದೀಪಾವಳಿ ಕಳೆದ ಮೇಲೆ ಶಿವಮೊಗ್ಗದಿಂದ ಕರೆ ಬಂದು ಹೋದೆ. ಅಲ್ಲಿಯ ಕಚೇರಿಯ ಸಾಹೇಬರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮರ್ಯಾದೆಯವರು. ಕೂರಿಸಿಕೊಂಡು ಹೊಸ ವ್ಯವಸ್ಥೆ ವಿವರಿಸಿದರು. ಇನ್ನು ಮುಂದೆ ಮಾತು, ಟಿ.ವಿ., ಪತ್ರ, ಪಟ ಎಲ್ಲವೂ ಇಂಟರ್‌ನೆಟ್ಟಿನ ಒಂದೇ ತಂತಿಯಲ್ಲಿ ಹರಿಯುತ್ತವೆ. ಹಳ್ಳಿಯ ಬಾಗಿಲವರೆಗೆ ಗಾಜಿನ ತಂತಿ ಇಲಾಖೆ ತರುತ್ತದೆ. ಅಲ್ಲಿಂದ ಮನೆಯೊಳಕ್ಕೆ ಒಯ್ಯಲು ನಮ್ಮಲ್ಲಿ ಆಳಿಲ್ಲ. ಕೇಬಲ್ಲಿನವರಲ್ಲಿ ಆಳಿದೆ, ಏಣಿಯಿದೆ, ಪ್ರತಿ ಮನೆಯ ನಾಯಿಯ ಪರಿಚಯವಿದೆ. ಆದ್ದರಿಂದ ಅವರೇ ನಮ್ಮ ಪಾಲುದಾರರು. ತಿಂಗಳ ಬಿಲ್ಲಿನಲ್ಲಿ ಅವರಿಗೆ ಪಾಲು. ಹಳೆಯ ಎಕ್ಸ್‌ಚೇಂಜು ಬಂದ್. ನಂಬರು ಮಾತ್ರ ಹಳೆಯದೇ ಉಳಿಯುತ್ತದೆ.

"ನಿಮ್ಮ ಊರಿಗೆ ಮುನೀರ್ ಅಂತ ಒಬ್ಬರು ಬಂದಿದ್ದಾರೆ," ಎಂದರು ಸಾಹೇಬರು. "ನಿಮಗೆ ಪರಿಚಯ ಇರಬೇಕಲ್ಲ?"

"ಇದೆ ಸರ್. ಅವರ ತಂತಿಯನ್ನೆಲ್ಲ ನಾನೇ ನೋಡಿಕೊಳ್ಳುತ್ತಿದ್ದೆ."

"ಒಳ್ಳೇದಾಯ್ತು. ಕಂಬಗಳನ್ನೆಲ್ಲ ಅವರಿಗೆ ತೋರಿಸಿಕೊಡಿ."

ಕಂಬ ತೋರಿಸುವುದು. ಯಾವ ಕಂಬ ಎಲ್ಲಿದೆಯೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಿನ್ನೆಯವರೆಗೆ ಅಪರಾಧವಾಗಿದ್ದದ್ದು ಇವತ್ತಿನಿಂದ ಪಾಲುದಾರಿಕೆಯಾಯಿತು. ಸರ್ಕಾರದ ನೀತಿ ಬದಲಾಗುವುದಕ್ಕೆ ನನ್ನ ಅಡ್ಡಿಯಿಲ್ಲ. ಅದು ಬದಲಾಗುವಾಗ ಏಣಿಯ ಬುಡ ಹಿಡಿದುಕೊಂಡು ನಾನು ಕೆಳಗೆ ನಿಂತಿರಬೇಕೆಂಬುದೇ ಸ್ವಲ್ಪ ಜಾಸ್ತಿ ಎನಿಸಿತು.

ಮುನೀರ ಮೊದಲ ಕಂಬ ಹತ್ತುವ ಮುಂಚೆ ಏಣಿಗೆ ಕೈ ಮುಟ್ಟಿಸಿ, "ಕತ್ರಿ ತಂದಿಲ್ವಲ್ರೀ ಸಾಹೇಬ್ರ?" ಎಂದ.

"ಮನೇಲೈತಿ. ಹತ್ತು ನೀನು."

ಆ ಚಳಿಗಾಲ ಸೊಗಸಾಗಿತ್ತು. ಬೆಳಿಗ್ಗೆ ತಂತಿಯ ಮೇಲೆ ಇಬ್ಬನಿ ಸಾಲುಗಟ್ಟಿ ನಿಲ್ಲುತ್ತಿತ್ತು. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಕುರಿಮಂದೆಗಳು ಇಳಿದಿದ್ದವು. ಗುಡವಿ ಕೆರೆಯ ಹಕ್ಕಿಗಳು ಮರಿ ಎಬ್ಬಿಸಿಕೊಂಡು ಹೊರಡುವ ಕಾಲ. ಹೋಗುವಾಗ ನಮ್ಮ ಕಂಬಗಳ ಮೇಲೆ ಕೂತು ಅಭಿಪ್ರಾಯ ಹೇಳಿ ಹೋಗುತ್ತಿದ್ದವು. ಹೋರಿ ಬೆದರಿಸುವ ಹಬ್ಬದ ಸಮಯವಾದ್ದರಿಂದ ಊರ ಹುಡುಗರಿಗೆ ನೆಟ್ಟಿನ ಹುಚ್ಚು ಹತ್ತಿತ್ತು. ಕೊರಳಿಗೆ ಕೊಬ್ಬರಿ ಮಾಲೆ ಕಟ್ಟಿ ಬಿಟ್ಟ ತಮ್ಮ ಊರಿನ ಹೋರಿ ಯಾರ ಕೈಗೂ ಸಿಗದೆ ಓಡಿದ್ದನ್ನು ಊರಿಂದಲೇ ಜಗತ್ತಿಗೆ ಕಳಿಸಬೇಕು. ಮೊಬೈಲು ಆ ಊರಲ್ಲಿ ಹಿಡಿಯುತ್ತಿದ್ದದ್ದು ಗುಡ್ಡದ ಮೇಲೆ ಮಾತ್ರ. ಹಾಗಾಗಿ ಮುನೀರ ಎಲ್ಲಿ ಕೂತು ಗಾಜಿನೆಳೆ ಬೆಸೆದರೂ ಸುತ್ತ ಜಾತ್ರೆ ನೆರೆಯುತ್ತಿತ್ತು.

ನಾನು ತಾಮ್ರ ಬೆಸೆಯುವಾಗ ಯಾರೂ ನೋಡುತ್ತಿರಲಿಲ್ಲ ಎಂದಲ್ಲ. ನೋಡುತ್ತಿದ್ದರು, ದೂರದಿಂದ, ಕೈಕಟ್ಟಿಕೊಂಡು. ಇವನ ಮೈಮೇಲೆ ಬೀಳುತ್ತಿದ್ದರು. ಇವನೂ ಎಲ್ಲರಿಗೂ ಯಂತ್ರದ ಪರದೆ ತೋರಿಸಿ, "ನೋಡ್ರೀ ಅಮ್ಮ, ಎರಡೂ ಎಳೀ ಎದುರಾಬದುರಾ ಬಂದಾವ. ಈಗ ಸುಡ್ತದ. ನೋಡ್ರೀ, ಒಂದಾತು," ಎಂದು ವಿವರಿಸುತ್ತಿದ್ದ. ಇಲಾಖೆಯ ತಾಂತ್ರಿಕ ವಿಷಯವನ್ನು ಹೀಗೆ ಜಗಲಿಯ ಮೇಲೆ ಹರಡಿ ಕೂರುವುದು ನನಗೆ ಸರಿಕಾಣಲಿಲ್ಲ. ಗಿರಿಜಮ್ಮ ಅವನಿಗೆ ಹಿಡಿಯಿರುವ ದೊಡ್ಡ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಆ ಲೋಟ ನನ್ನದು. ನನ್ನದೆಂದರೆ, ಅವರ ಮನೆಗೆ ನಾನು ಹೋದಾಗಲೆಲ್ಲ ಅದರಲ್ಲೇ ಕೊಡುತ್ತಿದ್ದರು. ಅಂದು ನನಗೆ ಗಾಜಿನ ಲೋಟದಲ್ಲಿ ಬಂತು.

"ಒಂದೇ ದಿನದಾಗೆ ಕೊಟ್ಟನಲ್ರೀ," ಎಂದರು ಗಿರಿಜಮ್ಮ, ನನ್ನನ್ನೇ ನೋಡುತ್ತ. "ನಮ್ ಮಾವೋರು ಅರ್ಜಿ ಹಾಕಿ ಎಷ್ಟು ವರ್ಷ ಕಾದಿದ್ರು, ನೆಪ್ಪೈತಾ?"

ಕಾಯಿಸದೆ ಕೊಟ್ಟದ್ದಕ್ಕೆ ಬೆಲೆಯೇನು ಎಂದು ಕೇಳಬೇಕೆನಿಸಿತು. ಕಾಫಿ ಬಿಸಿಯಿತ್ತು, ಊದಿಕೊಂಡು ಕುಡಿದೆ.

ಎಕ್ಸ್‌ಚೇಂಜಿನ ಸ್ವಿಚ್ಚು ಆರಿಸಿದ್ದು ಒಂದು ಮಧ್ಯಾಹ್ನ. ಗುಂಯ್ಯೆನ್ನುವುದು ನಿಂತಾಗ ಪಕ್ಕದ ಡೈರಿಯಲ್ಲಿ ಹಾಲು ಅಳೆಯುವ ಸದ್ದು ಮೊದಲ ಸಲ ಕಿವಿಗೆ ಬಿತ್ತು. ಮುನೀರ ಬ್ಯಾಟರಿ ಹೊರಲು ಸಹಾಯಕ್ಕೆ ಬಂದಿದ್ದ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ.

"ಈಗ ಹಾಕ್ಕೊಂಡೇ ಬರಬಹುದೋ," ಎಂದೆ. "ಧೂಳು ಹೋಗಾಕೆ ಏನೂ ಉಳಿದಿಲ್ಲ."

"ಇರ್ಲಿ ಬಿಡ್ರೀ. ಬೋರ್ಡ್ ಐತಲ್ಲ."

ಅದೂ ನನಗೆ ಹಿಡಿಸಲಿಲ್ಲ. ಒಬ್ಬನನ್ನು ಕಂಡರಾಗದಿದ್ದಾಗ ಅವನು ಇಷ್ಟು ಸರಿಯಾಗಿ ನಡೆದುಕೊಂಡರೆ ಬಹಳ ಅನಾನುಕೂಲ.

ಬ್ಯಾಟರಿ ಹೊರುವಾಗ ಅವನು ಹೇಳಿದ್ದು ಇಷ್ಟು: ಅಪ್ಪನ ಕಲಾಯಿ ಅಂಗಡಿಯ ಜಾಗ ಮಾರಿ ಆ ಬೆಸೆಯುವ ಯಂತ್ರ ತಂದಿದ್ದ. ಇದೊಂದು ಊರಿನ ಕೆಲಸ ಸರಿಯಾದರೆ ಸುತ್ತಲಿನ ಊರುಗಳನ್ನೂ ಕೊಡುತ್ತೇವೆಂದು ಶಿವಮೊಗ್ಗದವರು ಹೇಳಿದ್ದರು. ಇದು ಕೆಟ್ಟರೆ ಒಪ್ಪಂದ ರದ್ದು. "ಅಬ್ಬಾ ಕಲಾಯಿ ಹಾಕಿದ್ರು, ನಾನು ಕೇಬಲ್ ಎಳ್ದೆ. ಎರಡೂ ನಮ್ಮ ಕೈಯಾಗೇ ಮುಗುದ್ವು. ಮೂರನೇದು ಮುಗುದ್ರ ನನಗ ಬ್ಯಾರೆ ಕಸುಬು ಗೊತ್ತಿಲ್ರೀ," ಎಂದ.

ನಾನು ಬ್ಯಾಟರಿ ಭಾರ ಎಂದೆ.

ಅಲ್ಲಿಂದ ನನ್ನನ್ನು ಶಿಕಾರಿಪುರದ ಕಚೇರಿಗೆ ಕರೆಸಿಕೊಂಡರು. ನಿವೃತ್ತಿಗೆ ಉಳಿದಿದ್ದ ಕಾಲವನ್ನು ಅಲ್ಲಿಯ ಫ್ಯಾನಿನ ಕೆಳಗೆ ಕಳೆಯುವುದು ನನ್ನ ಕೆಲಸ. ಸೊರಬದ ಕಡೆಗೆ ತಲೆ ಹಾಕಲಿಲ್ಲ. ಯಂತ್ರದ ಜೊತೆ ನನ್ನ ಕಾಲವೂ ಮುಗಿಯಿತು, ಇನ್ನು ಆ ಊರವರು ಗಾಜಿನಲ್ಲಿ ಮಾತಾಡಿಕೊಂಡಿರಲಿ ಎಂದು ಬಿಟ್ಟುಬಿಟ್ಟೆ. ಕಚೇರಿಗೆ ಬಂದವರೆಲ್ಲ ಮುನೀರನ ಸುದ್ದಿ ಹೇಳುತ್ತಿದ್ದರು. ನೆಟ್ ಏನು ಓಡುತ್ತದೆ, ಪಟ ಏನು ಚಂದ. ನಾನು ಹೂಂಗುಟ್ಟುತ್ತಿದ್ದೆ. ಹೂಂಗುಟ್ಟುವುದಕ್ಕೂ ಶಕ್ತಿ ಬೇಕಾಗುತ್ತದೆಂದು ಆಗ ತಿಳಿಯಿತು.

ಸಂಕ್ರಾಂತಿ ಕಳೆದಿತ್ತು. ಸಾಹೇಬರು ಶಿವಮೊಗ್ಗದಿಂದ ಫೋನು ಮಾಡಿದರು. ದನಿಯಲ್ಲಿ ಅನುಮಾನವಿತ್ತು.

"ಚನ್ನವೀರಪ್ಪನವರೇ, ನಿಮ್ಮ ಹಳೇ ಊರಲ್ಲಿ ಏನೋ ಸರಿಯಿಲ್ಲ. ನಂಬರುಗಳೆಲ್ಲ ಹೊಸ ತಂತಿಗೆ ಬಂದಿವೆ ಅಂತ ತೋರಿಸುತ್ತೆ. ಒಂದರಲ್ಲೂ ಮಾತಿಲ್ಲ. ಹೊರಗಿಂದ ಬಂದ ಕರೆಗೆ ಉತ್ತರವಿಲ್ಲ, ಒಳಗಿಂದ ಹೊರಟಿದ್ದು ಒಂದೂ ಇಲ್ಲ. ಕರೆ ಸಾಗದಿದ್ದರೆ ಆ ಕನೆಕ್ಷನ್ ಲೆಕ್ಕಕ್ಕೇ ಇಲ್ಲ, ನಿಯಮ ಹಾಗಿದೆ."

"ನೆಟ್ಟು ಸರ್?"

"ನೆಟ್ಟು ಓಡ್ತಾ ಇದೆ. ಆದರೆ ನಿಯಮ ಬರೆದಿದ್ದು ಫೋನಿಗೆ. ಪಾಲುದಾರರು ಬರೀ ಹೆಸರು ತುಂಬಿಸಿ ಪಾಲು ತಗೊಳ್ತಿದ್ದಾರೇನೋ ಅಂತ ಮೇಲಿನವರಿಗೆ ಸಂಶಯ. ನೀವು ಮನೆಮನೆಗೆ ಹೋಗಿ ನೋಡಿ. ಬೋಗಸ್ ಆಗಿದ್ದರೆ ಬೋಗಸ್ ಅಂತಲೇ ಹೇಳಿ, ಒಪ್ಪಂದ ರದ್ದು ಮಾಡೋಣ."

ಅಂದು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟದ್ದನ್ನು ಸರೋಜ ಇವತ್ತಿಗೂ ನೆನೆಯುತ್ತಾಳೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಯಲು ಮುಗಿದು ಸೊರಬದ ಕಡೆಯ ಕಾಡು ಶುರುವಾಗುವಲ್ಲಿ ಗಾಳಿ ತಂಪಾಗುತ್ತದೆ. ಅಂದು ಅದು ವಿಶೇಷವಾಗಿ ತಂಪಾಗಿತ್ತು.

ಮುನೀರ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. ಸುದ್ದಿ ಅವನಿಗೂ ಮುಟ್ಟಿತ್ತು. ಮುಖ ಕಳೆಗುಂದಿತ್ತು. "ನಿಮ್ಮಾಣೆ ಸಾಹೇಬ್ರ, ಎಲ್ಲಾ ಮನೀಗೂ ದೀಪ ಹಸಿರೈತ್ರೀ. ಯಾಕ ಮಾತಾಡ್ತಿಲ್ಲೋ ನನಗೂ ತಿಳೀವಲ್ದು. ಕೇಳಿದ್ರ ಎಲ್ಲಾ ಚಲೋ ಐತಿ ಅಂತಾರ, ಚಹಾ ಕೊಡ್ತಾರ, ಕಳಿಸ್ತಾರ."

"ನೋಡೋಣ," ಎಂದೆ. ತನಿಖಾಧಿಕಾರಿ ಅದಕ್ಕಿಂತ ಹೆಚ್ಚು ಮಾತಾಡಬಾರದು.

ಮೊದಲು ಗಿರಿಜಮ್ಮನ ಮನೆ. ಫೋನು ಗೋಡೆಗೂಡಿನಲ್ಲಿತ್ತು. ಮೇಲೆ ಕಸೂತಿ ಬಟ್ಟೆ. ಬಟ್ಟೆ ಎತ್ತಿದರೆ ನಟ್ಟನಡುವೆ ಕುಂಕುಮ, ಪಕ್ಕದಲ್ಲಿ ಒಣಗಿದ ಹೂವು. ರಿಸೀವರ್ ಎತ್ತಲು ನಾನು ಕೈ ಚಾಚಿದೆ. ಗಿರಿಜಮ್ಮ ನನ್ನ ಕೈ ಸರಿಸಿದರು.

"ನೀವೇ ಹಿಂಗ್ ಮಾಡಿದ್ರೆ ಹೆಂಗ್ರೀ?"

"ಕೆಟ್ಟಿದೆಯೇನೋ ನೋಡ್ತೀನಿ."

"ಕೆಡಾಕೆ ಇನ್ನೂ ಶುರುವೇ ಆಗಿಲ್ಲಲ್ಲ. ಈ ಹೊಸ ತಂತಿಗೆ ನಿಮ್ ರಿಂಗು ಎಲ್ಲಿ ಬಂತು?"

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ, ಹರೆಯದಲ್ಲಿ ಬಡ್ತಿಯ ಆದೇಶ ಕೈಗೆ ಬಂದಾಗಲೂ ಎದೆ ಅಷ್ಟು ಉಬ್ಬಿರಲಿಲ್ಲ. ಮುನೀರನ ಕಡೆ ತಿರುಗಿ ನೋಡಿದೆ. ಅವನು ನನ್ನನ್ನೂ ಕುಂಕುಮವನ್ನೂ ಸರದಿಯ ಮೇಲೆ ನೋಡುತ್ತಿದ್ದ.

"ಏನ್ರೀ ಇದು?"

"ಪದ್ಧತಿ," ಎಂದೆ, ಸಾಧ್ಯವಾದಷ್ಟು ಚುಟುಕಾಗಿ. "ಮೊದಲ ರಿಂಗು ಎಕ್ಸ್‌ಚೇಂಜಿನಿಂದ ಬರಬೇಕು. ಅಲ್ಲೀತನಕ ಯಾರೂ ಮುಟ್ಟಂಗಿಲ್ಲ."

"ಮತ್ತ ನೆಟ್ಟು ಹಚ್ಚಿ ದಿನಾ ಧಾರಾವಾಹಿ ನೋಡ್ತಾರಲ್ರೀ."

"ಅದು ಟಿ.ವಿ. ಅಲ್ವೇನಪ್ಪಾ," ಎಂದರು ಗಿರಿಜಮ್ಮ ಸಮಾಧಾನವಾಗಿ. "ಟಿ.ವಿ.ಯಾಗೆ ಯಾರು ಸತ್ರೂ ನಮಗೆ ಸೂತಕ ಇಲ್ಲ. ಇದು ಫೋನು."

ಎರಡನೆಯ ಮನೆಯಲ್ಲೂ ಅದೇ ಬಟ್ಟೆ. ಮೂರನೆಯದರಲ್ಲಿ ಬಟ್ಟೆ ಇಲ್ಲದೆ ಬಾಳೆಲೆ. ಒಂದೊಂದು ಮನೆಯಲ್ಲೂ ಫೋನು ಮದುಮಗಳ ಹಾಗೆ ಮುಸುಕು ಹಾಕಿಕೊಂಡು ನನಗಾಗಿ ಕಾಯುತ್ತಿತ್ತು. ಮನೆಯಿಂದ ಮನೆಗೆ ಹೋಗುವಾಗ ಮುನೀರ ಹಿಂದೆ ಬಿದ್ದ, ನಾನು ಮುಂದೆ ನಡೆದೆ. ಇಡೀ ಜಗತ್ತು ಗಾಜಿಗೆ ಬದಲಾದರೂ ಈ ಒಂದು ಊರು ಚನ್ನವೀರಪ್ಪನ ದನಿ ಬರುವವರೆಗೆ ಬಾಯಿ ತೆರೆಯುವುದಿಲ್ಲವೆಂದು ಕೂತಿದೆ. ಕಾಫಿಯ ಲೋಟವನ್ನು ಅವನೇ ಇಟ್ಟುಕೊಳ್ಳಲಿ.

ಶಿವಮೊಗ್ಗಕ್ಕೆ ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಯಾವ ಮನೆಯಲ್ಲೂ ಫೋನು ಬಳಸುತ್ತಿಲ್ಲ ಎಂಬ ಒಂದು ನಿಜ ಹೇಳಿದರೆ ಸಾಕು, ಉಳಿದದ್ದನ್ನು ನಿಯಮವೇ ನೋಡಿಕೊಳ್ಳುತ್ತಿತ್ತು. ಇದು ನನಗೂ ಹೊಳೆದಿತ್ತು, ಹಿಂದೆ ಬರುತ್ತಿದ್ದವನಿಗೂ ಹೊಳೆದಿತ್ತು. ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಆಗ ಕುರಿಗಾರ ನಿಂಗಪ್ಪನ ಮನೆಗೆ ಹೋದೆವು. ಕೊಯ್ಲಾದ ಗದ್ದೆಗೆ ಗೊಬ್ಬರವಾಗಲೆಂದು ಕುರಿ ತರುಬಿಸಿಕೊಳ್ಳುವ ರೈತರು ಸುತ್ತಲಿನ ಊರಿಂದೆಲ್ಲ ಅವನ ಹಳೇ ನಂಬರಿಗೇ ಫೋನು ಮಾಡುವವರು. ಅವನ ಇಡೀ ವರ್ಷದ ವಹಿವಾಟು ಆ ಕೆಲವು ವಾರಗಳಲ್ಲಿ, ಆ ಒಂದು ಫೋನಿನಲ್ಲಿ ನಡೆಯುತ್ತಿತ್ತು. ನಿಂಗಪ್ಪ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ನನ್ನನ್ನು ಕಂಡು ಏಳಲಿಲ್ಲ.

"ಈಗ ಬಂದ್ರಾ?" ಎಂದ.

"ಏನಾತೋ ನಿಂಗಪ್ಪ?"

"ಆಗಾದೇನು. ದಿನಾ ಫೋನು ಹೊಡ್ಕಂತೈತೆ. ನಾನು, ನನ್ ಹೆಣ್ತಿ ಎದುರುಗಡೆ ಕೂತ್ಕಂಡು ನೋಡ್ತೀವಿ. ನಿಲ್ತೈತೆ. ಗದ್ದೆಯೋರೆಲ್ಲ ನಿಂಗಪ್ಪ ಸತ್ತ ಅಂದ್ಕಂಡು ಬ್ಯಾರೆ ಮಂದೆಯೋರ್ನ ಕರದ್ರು. ನನ್ ಕುರಿ ನನ್ ಹಿತ್ಲಾಗೇ ನಿಂತಾವೆ."

"ಮೊದ್ಲೇ ಹೇಳಿ ಕಳಿಸಬಾರದಾ?"

"ಹೆಂಗ್ ಹೇಳಾದು? ಫೋನು ಮುಟ್ಟಂಗಿಲ್ಲಲ್ಲ." ನಿಂಗಪ್ಪ ಮುನೀರನ ಕಡೆ ಕೈ ತೋರಿದ. "ಈ ಸಾಬ್ರು ಪಾಪ ಒಂದೇ ದಿನದಾಗೆ ತಮ್ ಕೆಲ್ಸ ಮುಗ್ಸಿದ್ರು. ಬಾಕಿ ಇರೋದು ನಿಮ್ದು. ಮೊದ್ಲಿಂದಾನೂ ನಿಮ್ದು ಲೇಟೇ ಬಿಡ್ರಿ. ಕಾಯಾದು ನಮಗೇನು ಹೊಸಾದಲ್ಲ."

ಎದೆಯುಬ್ಬು ಅಲ್ಲೇ ಇಳಿಯಿತು. ಇಡೀ ಊರು ನನ್ನನ್ನು ಕಾಯುತ್ತಿದೆ ಎಂದುಕೊಂಡದ್ದು ನಿಜವೇ. ಆದರೆ ಬಾರದ ಬಸ್ಸನ್ನು ಕಾಯುವ ಹಾಗೆ, ಬೈಯುತ್ತ ಕಾಯುತ್ತಿತ್ತು. ಮುನೀರನ ಲೆಕ್ಕ ಚುಕ್ತಾ ಆಗಿತ್ತು. ಆ ಊರಿನಲ್ಲಿ ಅವನ ಹೆಸರು ಕೆಡಬೇಕಾದರೆ ಮೊದಲು ನನ್ನದು ಕೆಡಬೇಕಿತ್ತು. ಅವನು ಬೋಗಸ್ ಅನ್ನಿಸಿಕೊಂಡು ಹೊರಟು ಹೋದರೂ, ಚನ್ನವೀರಪ್ಪ ತಡಮಾಡಿದ್ದಕ್ಕೆ ಒಳ್ಳೆಯ ಮನುಷ್ಯನಿಗೆ ಹೀಗಾಯಿತೆಂದು ಇವರು ಮೊಮ್ಮಕ್ಕಳ ಕಾಲಕ್ಕೂ ಹೇಳುತ್ತಿದ್ದರು. ನನ್ನಿಂದಾಗಿ ಅವನು ಹುತಾತ್ಮನಾಗುವುದನ್ನು ಸಹಿಸುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

"ಈಗಲೇ ಕೊಡ್ತೀನಿ," ಎಂದೆ.

ಎಲ್ಲಿಂದ ಕೊಡುವುದು? ಎಕ್ಸ್‌ಚೇಂಜು ಸತ್ತಿತ್ತು, ಕೋಣೆಯಲ್ಲಿ ಡೈರಿಯವರು ಹಿಂಡಿ ಮೂಟೆ ಒಟ್ಟಿದ್ದರು. ಹೊಸ ಯಂತ್ರ, ಹೊಸ ಪೆಟ್ಟಿಗೆ, ಊರಿನ ಗಾಜಿನ ತಂತಿಗಳೆಲ್ಲ ಬಂದು ಸೇರುವ ಜಾಗ ಈಗ ಮುನೀರನ ಅಂಗಡಿ. ಡೈರಿಯ ಎದುರಿಗೆ, ತಗಡಿನ ಮಾಡು. ಅವನು ಓಡಿಹೋಗಿ ತನ್ನ ಕುರ್ಚಿಯನ್ನು ಒರೆಸಿದ. ಅದು ತಿರುಗುವ ಕುರ್ಚಿ. ಇಲಾಖೆ ನನಗೆ ಎಂದೂ ತಿರುಗುವ ಕುರ್ಚಿ ಕೊಟ್ಟಿರಲಿಲ್ಲ.

ಅಂಗಡಿಯ ಬಾಗಿಲಲ್ಲಿ ನಾನು ಒಂದು ಗಳಿಗೆ ನಿಂತೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಬೋರ್ಡು ಇರಲಿಲ್ಲ.

ಮೊದಲು ನಿಂಗಪ್ಪನಿಗೇ ಹಚ್ಚಿದೆ. ಜಗಲಿಯಲ್ಲಿ ಕೂತಿದ್ದವನು ಎದ್ದು ಒಳಗೋಡಿದ್ದು ಅಂಗಡಿಯಿಂದಲೇ ಕಂಡಿತು. "ನಮಸ್ಕಾರ. ಚನ್ನವೀರಪ್ಪ ಮಾತಾಡೋದು. ನಿಮ್ಮ ಫೋನಿಗೆ ದನಿ ಬಂದಿದೆ. ಒಳ್ಳೇ ಸುದ್ದಿನೇ ಬರಲಿ," ಎಂದೆ. ಅತ್ತಲಿಂದ ನಿಂಗಪ್ಪ ಸ್ಪಷ್ಟವಾಗಿ, ಪಕ್ಕದಲ್ಲೇ ಕೂತವನ ಹಾಗೆ ಹೇಳಿದ: "ಆತು, ಇಡ್ರಿ ಬೇಗ. ಯಾರಾರ ಫೋನ್ ಮಾಡ್ತಿರ್ತಾರೆ."

ಆ ಸ್ಪಷ್ಟತೆಗೂ ನನಗೆ ಹೊಟ್ಟೆ ಉರಿಯಿತು. ನನ್ನ ತಾಮ್ರದಲ್ಲಿ ಮಳೆಗಾಲ ಬಂದರೆ ಗಂಡನ ದನಿ ಹೆಂಡತಿಗೆ ಗುರುತು ಸಿಗುತ್ತಿರಲಿಲ್ಲ.

ಊರಿಗೆಲ್ಲ ಹೇಳಿ ಕಳಿಸಿ, ಸಂಜೆಯವರೆಗೆ ಮನೆಯಾದ ಮೇಲೆ ಮನೆಗೆ ಹಚ್ಚಿದೆ. ಗಿರಿಜಮ್ಮನ ಮನೆಯಲ್ಲಿ ಎಲ್ಲರೂ ಸಾಲಾಗಿ ಹಲೋ ಅಂದರು. ಕೆಲವರು ಆಶೀರ್ವಾದ ಕೇಳಿದರು, ಕೆಲವರು ತಡವಾದದ್ದಕ್ಕೆ ಬೈದರು. ಒಬ್ಬರು ಬಿಲ್ಲು ಜಾಸ್ತಿ ಬರುತ್ತದೆಯೇ ಎಂದು ಕೇಳಿದಾಗ ರಿಸೀವರನ್ನು ಮುನೀರನ ಕೈಗೆ ಕೊಟ್ಟೆ. ಅಂಥ ಪ್ರಶ್ನೆ ಎಕ್ಸ್‌ಚೇಂಜಿಗೆ ಸಂಬಂಧಪಟ್ಟದ್ದಲ್ಲ. ಒಂದೊಂದು ರಿಂಗಿಗೂ ಊರಲ್ಲಿ ನನ್ನ ಮಾನ ಒಂದು ಗುಂಜಿ ಹೆಚ್ಚಿತು. ಅದೇ ರಿಂಗಿಗೆ ಶಿವಮೊಗ್ಗದಲ್ಲಿ ಮುನೀರನ ಒಂದು ಕನೆಕ್ಷನ್ನು ಗಟ್ಟಿಯಾಯಿತು. ನನ್ನ ಸೇವೆಯ ಅತ್ಯಂತ ವೈಭವದ ಸಂಜೆಯನ್ನು ನಾನು ನನ್ನ ಪ್ರತಿಸ್ಪರ್ಧಿಯ ವ್ಯಾಪಾರ ಉದ್ಧಾರಕ್ಕೆ ವಿನಿಯೋಗಿಸಿದೆ.

ಮುನೀರ ಮೂಲೆಯ ಸ್ಟೂಲಿನ ಮೇಲೆ ಕೂತು, ತುಟಿ ಅಲ್ಲಾಡಿಸದೆ, ಪ್ರತಿ ಮಾತನ್ನೂ ಕೇಳುತ್ತಿದ್ದ. ಕೊನೆಯ ಮನೆ ಮುಗಿದ ಮೇಲೆ ಸಾಹೇಬರಿಗೆ ಹಚ್ಚಿ, ಎಲ್ಲ ಅಸಲಿ ಎಂದು ಹೇಳಿದೆ. ಕಾರಣವೇನಿತ್ತು ಎಂದು ಕೇಳಿದರು. "ಇಲಾಖೆಯ ಕಡೆಯಿಂದ ಒಂದು ವಿಧಿ ಬಾಕಿ ಉಳಿದಿತ್ತು ಸ‌ರ್, ಈಗ ಪೂರೈಸಿದೆ," ಎಂದೆ. ಅವರು ಮತ್ತೇನೂ ಕೇಳಲಿಲ್ಲ. ವಿಧಿ ಎಂಬ ಮಾತಿಗೆ ಕಚೇರಿಗಳಲ್ಲಿ ಇನ್ನೂ ಬೆಲೆಯಿದೆ.

ಕತ್ತಲಾಗುವ ಮುಂಚಿನ ಬಸ್ಸಿಗೆ ಮುನೀರ ಬೈಕಿನಲ್ಲಿ ಬಿಟ್ಟ. ದಾರಿಯುದ್ದಕ್ಕೂ ನಿಂಗಪ್ಪನ ಕುರಿಗಳು ಅಡ್ಡ ಬಂದವು. ಆಗಲೇ ಯಾರದೋ ಗದ್ದೆಗೆ ಹೊರಟಿದ್ದವು. ಬಸ್ಸು ಬರುವ ಹೊತ್ತಿಗೆ ಮುನೀರ ಕೇಳಿದ, "ಸಾಹೇಬ್ರ, ಯುಗಾದಿ ಹೊತ್ತಿಗೆ ನೀವು ರಿಟೈರ್ ಆಗ್ತೀರಿ. ಆಮ್ಯಾಲೆ ಹೊಸ ಮನೀಗೆ ರಿಂಗು ಯಾರು ಕೊಡಬೇಕ್ರೀ?"

ಬಸ್ಸು ಬಂತು. ಹತ್ತಿಬಿಟ್ಟೆ. ಕಿಟಕಿಯಿಂದ ಕೈಯನ್ನೂ ಬೀಸಲಿಲ್ಲ.

ಸುತ್ತಲಿನ ಊರುಗಳೆಲ್ಲ ಅವನಿಗೆ ಸಿಕ್ಕಿದವು. ಈಗ ಶಿಕಾರಿಪುರದಲ್ಲೂ ಅವನದೇ ತಂತಿ. ಹೊಸ ಮನೆಗಳಿಗೆ ಯಾರು ರಿಂಗು ಕೊಡುತ್ತಾರೆಂದು ನಾನು ವಿಚಾರಿಸಿರಲಿಲ್ಲ. ವಿಚಾರಿಸಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಸೊರಬದ ಕಡೆಯವರು ಯಾರೇ ಸಿಕ್ಕರೂ ಮಾತು ಆ ಕಡೆ ಹೊರಳಬಹುದೆಂದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಹೊರಳುತ್ತಿರಲಿಲ್ಲ.

ಮೊನ್ನೆ ಊಟವಾಯಿತು. ಮಧ್ಯಾಹ್ನದ ನಿದ್ದೆಯನ್ನು ಕುರ್ಚಿಯಲ್ಲೇ ಮಾಡಿದೆ. ಸರೋಜ ಎರಡು ಸಲ ಬಂದು ಬಟ್ಟೆ ಸರಿಮಾಡಿ ಹೋದಳು. ಮೊಬೈಲು ಒಂದೆರಡು ಬಾರಿ ಕೂಗಿತು. ಅದಕ್ಕೆ ಯಾವ ಶಾಸ್ತ್ರವೂ ಇಲ್ಲ. ಸ್ಪಿರಿಟ್ಟಿನ ವಾಸನೆ ಆರಿ, ಪಡಸಾಲೆಯಲ್ಲಿ ಮತ್ತೆ ನಮ್ಮ ಮನೆಯ ವಾಸನೆಯೇ ಉಳಿಯಿತು. ಮರೆತಿದ್ದಾನೆ ಎಂದುಕೊಂಡೆ. ಇಷ್ಟು ಊರು ಕಟ್ಟಿಕೊಂಡವನಿಗೆ ಎಲ್ಲಿಂದ ನೆನಪಿರಬೇಕು? ಒಂದು ಬಗೆಯಲ್ಲಿ ಸಮಾಧಾನವೂ ಆಯಿತು. ಅವನ ಕೆಲಸದಲ್ಲಿ ಒಂದು ಕೊರತೆಯಾದರೂ ಸಿಕ್ಕಿತಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಟ್ಟೆಯ ಕೆಳಗೆ ಫೋನು ಹೊಡೆದುಕೊಂಡಿತು. ನಾನು ಕೂಡಲೇ ಎತ್ತಲಿಲ್ಲ, ಹಾತೊರೆದೆನೆಂದು ಆಗಬಾರದು. ಬಟ್ಟೆ ಮಡಿಸಿ ಪಕ್ಕಕ್ಕಿಟ್ಟು ಎತ್ತಿದೆ.

"ನಮಸ್ಕಾರ್ರೀ," ಎಂದಿತು ದನಿ. "ಮುನೀರ್ ಮಾತಾಡೋದು. ನಿಮ್ಮ ಫೋನಿಗೆ ದನಿ ಬಂದೈತಿ."

ಅಲ್ಲಿ ಅವನು ನಿಲ್ಲಿಸಿದ. ಒಂದು ಉಸಿರಿನಷ್ಟು ಹೊತ್ತು. ಆ ನಿಶ್ಶಬ್ದದಲ್ಲಿ, ಹೌದು, ಬಂದಿದೆ ಎಂದು ನನಗೇ ಅನ್ನಿಸಿತು.

"ಒಳ್ಳೇ ಸುದ್ದೀನೇ ಬರ್ಲಿ."

ಮಾತು ನನ್ನದೇ. ಅಕ್ಷರ ಅಕ್ಷರವೂ ನನ್ನದು. ಆದರೆ ನಡುವೆ ಅಲ್ಲಿ ನಿಲ್ಲಬೇಕೆಂದು ಇಡೀ ನೌಕರಿಯಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆ.

"ಹಲೋ," ಎಂದೆ. ರಿಸೀವರ್ ಇಟ್ಟೆ.

ಒಳಗಿನಿಂದ ಸರೋಜ, "ಯಾರ್ರೀ ಅದು?" ಎಂದಳು.

"ಎಕ್ಸ್‌ಚೇಂಜಿನವರು," ಎಂದೆ.